ಕೇಳಿ ತೆಗೆದ ಚಿತ್ರ

ಚಳಿಗಾಲದ ಒಂದು ಮುಂಜಾನೆ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಗೆ ಹೋಗಿದ್ದೆ. ನೀಲಾಂಬಿಕೆಯ ಐಕ್ಯಸ್ಥಳದ ದರ್ಶನ ಮುಗಿಸಿ, ಕ್ಯಾಮೆರಾ ಹಿಡಿದು ಕೃಷ್ಣೆಯ ದಂಡೆಗೆ ಇಳಿದೆ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಹಿನ್ನೀರಿನ ಅಂಚಿನಲ್ಲಿ ಮೇಯುತ್ತಿದ್ದವು. ಅವುಗಳ ಆಚೆ ಕಂಬಳಿ ಹೊದ್ದ ಹಿರಿಯ ಕುರಿಗಾಹಿ, ಸುತ್ತ ಕುರಿಹಿಂಡು. ತಡಮಾಡದೆ ಕ್ಲಿಕ್ಕಿಸಿದೆ.

‘ಹಕ್ಕಿನ್ನ ಕೇಳಾಕ ಆಗೂದಿಲ್ಲ ಖರೆ, ನನ್ನ ಕೇಳಬಹುದಿತ್ತಲ್ರಿ ಸಾಹೇಬ್ರ?’ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಮಾತು ಹೆಚ್ಚು ನಾಟಿತು.

ಆಫ್ರಿಕಾದ ಸಫಾರಿ ಚಿತ್ರಗಳು ನೆನಪಾದವು. ಸಿಂಹ, ಜಿರಾಫೆಗಳ ಸಾಲಿನಲ್ಲೇ ಕೆಂಪು ವಸ್ತ್ರ ಹೊದ್ದ ಮಸಾಯಿ ದನಗಾಹಿಗಳು, ಅವರೂ ಕಾಡಿನ ಒಂದು ಅಲಂಕಾರವೆಂಬಂತೆ. ವನ್ಯಜೀವಿಗಳ ಹೆಸರಿನಲ್ಲಿ 1959ರಲ್ಲಿ ಸೆರೆಂಗೆಟಿ ಉದ್ಯಾನದಿಂದ ಅವರನ್ನು ಹೊರಕಳಿಸಿದ ಕಥೆ ಆ ಚೌಕಟ್ಟಿನೊಳಗೆ ಕಾಣುವುದಿಲ್ಲ.

ನನ್ನ ಚೌಕಟ್ಟಿನಲ್ಲಾದರೂ ಏನಿತ್ತು? ‘ನಮ್ಮಪ್ಪ ಕುರಿ ಮೇಯಿಸಿದ ನೆಲ ಅಲ್ಲೈತ್ರಿ’ ಎಂದು ಅವರು ಬೆರಳು ಮಾಡಿದ್ದು ನಡುನೀರಿನತ್ತ. 1982ರಲ್ಲಿ ಪೂರ್ಣಗೊಂಡ ನಾರಾಯಣಪುರ ಅಣೆಕಟ್ಟೆಯ ಹಿನ್ನೀರು ಅದು. ಹಕ್ಕಿಗೆ ಆಸರೆಯಾದ ನೀರೇ ಅವರ ಹುಲ್ಲುಗಾವಲನ್ನು ನುಂಗಿತ್ತು. ಕ್ಯಾಮೆರಾಕ್ಕೆ ಕಂಡದ್ದು ಸೌಂದರ್ಯ ಮಾತ್ರ.

ಮೊದಲಿನ ಚಿತ್ರವನ್ನು ಅಳಿಸಿ, ಅನುಮತಿ ಬೇಡಿದೆ. ಅವರು ರುಮಾಲು ಸರಿಪಡಿಸಿಕೊಂಡು, ಮರಿಯೊಂದನ್ನು ಎತ್ತಿಕೊಂಡು ನೆಟ್ಟಗೆ ನಿಂತರು. ಆ ಸದ್ದಿಗೆ ಹಕ್ಕಿಗಳು ಹಾರಿಹೋದವು. ಸ್ಪರ್ಧೆಗೆ ಕಳಿಸುವಂಥ ಚಿತ್ರವಲ್ಲ ಅದು. ಮೊಮ್ಮಗನ ಮೊಬೈಲಿಗೆ ಕಳಿಸಲು ಹೇಳಿದರು, ಕಳಿಸಿದೆ. ಈಗ ನನ್ನ ಮನೆಯ ಗೋಡೆಯ ಮೇಲೂ ಅದೇ ಇದೆ.