ಏರುವ ಜನ, ಇಳಿಯದ ಕಸ: ಅಂಜನಾದ್ರಿಯ ದಟ್ಟಣೆಯನ್ನು ಕುರಿತು

ಪರ್ವತಾರೋಹಣದ ಮಾರ್ಗಗಳಲ್ಲಿ ಜನಸಂದಣಿಯೂ ಕಸವೂ ಹೆಚ್ಚುತ್ತಿವೆಯೆಂದೊಡನೆ ನಮ್ಮ ಮನಸ್ಸು ಹಿಮಾಲಯದ ಕಡೆಗೆ ಹರಿಯುವುದು ಸಹಜ. 2019ರ ಮೇ ತಿಂಗಳಿನಲ್ಲಿ ಎವರೆಸ್ಟ್ ಶಿಖರದ ಕೆಳಗಣ ಇಕ್ಕಟ್ಟಾದ ದಾರಿಯಲ್ಲಿ ಆರೋಹಿಗಳು ಒಬ್ಬರ ಬೆನ್ನಿಗೊಬ್ಬರು ಸಾಲುಗಟ್ಟಿ ನಿಂತ ಚಿತ್ರವನ್ನು ಲೋಕವೆಲ್ಲ ಕಂಡಿತು. ಆದರೆ ಈ ಸಮಸ್ಯೆಯ ಸ್ವರೂಪವನ್ನು ತಿಳಿಯಲು ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿಯು ಅಷ್ಟು ದೂರ ಹೋಗಬೇಕಾದುದಿಲ್ಲ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಬಹುಭಾಗ ಎರೆ, ಮಸಾರಿ ನೆಲದ ಬಯಲು. ಕೊಪ್ಪಳದಲ್ಲಿ ಕೋಟೆಯ ಬೆಟ್ಟವೂ ಗವಿಮಠದ ಗುಡ್ಡವೂ ಉಂಟು. ಅಲ್ಲಿಂದ ಮೂಡಲಿಗೆ ಗಂಗಾವತಿಯ ಸೀಮೆಯನ್ನು ಹೊಕ್ಕು ಆನೆಗೊಂದಿಯ ಹತ್ತಿರ ಬಂದರೆ, ತುಂಗಭದ್ರೆಯ ಎಡದಂಡೆಯ ಬಂಡೆಗಳ ರಾಶಿಯ ನಡುವೆ ಅಂಜನಾದ್ರಿ ಕಾಣುತ್ತದೆ. ಹನುಮಂತನ ಜನ್ಮಸ್ಥಳವೆಂದು ಭಕ್ತರು ನಂಬಿರುವ ಈ ಬೆಟ್ಟಕ್ಕೆ 575 ಮೆಟ್ಟಿಲುಗಳು. 8849 ಮೀಟರಿನ ಎವರೆಸ್ಟಿಗೂ ಇದಕ್ಕೂ ಎತ್ತರದಲ್ಲಿ ಹೋಲಿಕೆಯೇ ಇಲ್ಲ. ಆದರೂ ದಾರಿ ಕಿರಿದು, ತುದಿ ಚಿಕ್ಕದು, ಹತ್ತುವವರೂ ಇಳಿಯುವವರೂ ಒಂದೇ ಮಾರ್ಗವನ್ನು ಹಿಡಿಯತಕ್ಕವರು ಎಂಬ ಮೂರು ಸಂಗತಿಗಳಲ್ಲಿ ಎರಡೂ ಒಂದೇ.

ದಟ್ಟಣೆಯೆಂದರೆ ವರ್ಷಕ್ಕೆ ಎಷ್ಟು ಲಕ್ಷ ಜನ ಬಂದರೆಂಬ ಲೆಕ್ಕವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಸರತಿಯ ಸಾಲುಗಳನ್ನು ಕುರಿತು ಜಾನ್ ಲಿಟಲ್ ಎಂಬ ವಿದ್ವಾಂಸನು 1961ರಲ್ಲಿ ಸಾಧಿಸಿ ತೋರಿಸಿದ ಒಂದು ಸರಳ ಸೂತ್ರವಿದೆ: ಒಂದು ಸ್ಥಳದಲ್ಲಿ ಸರಾಸರಿಯಾಗಿ ಇರುವವರ ಸಂಖ್ಯೆಯು, ಅಲ್ಲಿಗೆ ಬರುವ ವೇಗ ಹಾಗೂ ತಂಗುವ ಕಾಲ ಇವೆರಡರ ಗುಣಲಬ್ಧಕ್ಕೆ ಸಮ. ಉದಾಹರಣೆಗಾಗಿ, ನಿಮಿಷಕ್ಕೆ 40 ಜನ ಬೆಟ್ಟದ ತುದಿಯನ್ನು ಮುಟ್ಟುವರೆಂದೂ ಪ್ರತಿಯೊಬ್ಬನೂ ಅರ್ಧ ಗಂಟೆ ಅಲ್ಲಿರುವನೆಂದೂ ಇಟ್ಟುಕೊಳ್ಳೋಣ. ಆಗ ತುದಿಯಲ್ಲಿ ಯಾವಾಗಲೂ 1200 ಜನರಿರುತ್ತಾರೆ. ಇಳಿಯುವ ದಾರಿಯಲ್ಲಿ ಹತ್ತುವವರೇ ತುಂಬಿಕೊಂಡು, ಅರ್ಧ ಗಂಟೆ ಇರತಕ್ಕವನು ಒಂದು ಗಂಟೆ ನಿಲ್ಲಬೇಕಾಯಿತೆನ್ನಿ. ಬರುವವರ ವೇಗ ಹೆಚ್ಚದಿದ್ದರೂ 1200 ಜನ 2400 ಆಗುವರು. ನೂಕುನುಗ್ಗಲು ಹುಟ್ಟುವ ಬಗೆ ಇದು. ಅದು ನಿಧಾನವಾಗಿ ಬೆಳೆಯುವುದಲ್ಲ. ಇಳಿಯುವ ದಾರಿ ಕಟ್ಟಿಕೊಂಡ ಗಳಿಗೆಯಿಂದ ಒಮ್ಮೆಗೇ ಏರುತ್ತದೆ.

ಇನ್ನು ಎಲ್ಲರೂ ಒಂದೇ ದಿನ ಏಕೆ ಬರುತ್ತಾರೆ? ಎವರೆಸ್ಟಿನಲ್ಲಿ ಇದಕ್ಕೆ ಗಾಳಿಯೇ ಕಾರಣ. ಮೇ ತಿಂಗಳ ಕೆಲವೇ ದಿನಗಳಲ್ಲಿ ಶಿಖರದ ಮೇಲಣ ಬಿರುಗಾಳಿ ತಗ್ಗುವುದರಿಂದ, 2019ರಲ್ಲಿ ನೇಪಾಳ ಸರ್ಕಾರದಿಂದ ಅನುಮತಿ ಪಡೆದ 381 ಜನರೂ ಅವರ ಶೆರ್ಪಾ ಸಂಗಡಿಗರೂ ಆ ಕೆಲವೇ ದಿನಗಳಿಗಾಗಿ ಕಾದಿದ್ದರು. ಅಂಜನಾದ್ರಿಯಲ್ಲಿ ಗಾಳಿಯ ಸ್ಥಾನವನ್ನು ಪಂಚಾಂಗ ವಹಿಸಿಕೊಂಡಿದೆ. ಮಾರ್ಗಶಿರ ಮಾಸದ ಹನುಮದ್ ವ್ರತದಂದು ಹನುಮಮಾಲೆಯನ್ನು ಧರಿಸಿದವರು ಅದನ್ನು ವಿಸರ್ಜಿಸಲು ದೂರದೂರದ ಊರುಗಳಿಂದ ಬರುತ್ತಾರೆ. ಶನಿವಾರಗಳು, ರಜೆಯ ದಿನಗಳು ಬೇರೆ. ಸೂರ್ಯಾಸ್ತವನ್ನು ನೋಡಲೆಂದೇ ಹತ್ತುವ ಪ್ರವಾಸಿಗರದು ಮತ್ತೊಂದು ಗುಂಪು; ಅವರೆಲ್ಲ ಒಂದೇ ಹೊತ್ತಿಗೆ ಹತ್ತಿ, ಕತ್ತಲಾಗುತ್ತಲೇ ಒಟ್ಟಿಗೆ ಇಳಿಯಲು ತೊಡಗುತ್ತಾರೆ.

ನಮ್ಮ ರಾಜ್ಯದಲ್ಲಿಯೇ ಇದಕ್ಕೆ ಒಂದು ಉಪಾಯವನ್ನು ಮಾಡಿ ನೋಡಲಾಗಿದೆ. 2024ರ ಜನವರಿಯ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಒಮ್ಮೆಗೇ ಸಾವಿರಾರು ಚಾರಣಿಗರು ಬಂದುದರಿಂದ ಅರಣ್ಯ ಇಲಾಖೆಯು ಚಾರಣವನ್ನು ನಿಲ್ಲಿಸಿತು. ಅದೇ ವರ್ಷ ಮುಂದೆ, ದಿನಕ್ಕೆ 300 ಜನರೆಂಬ ಮಿತಿಯನ್ನೂ ಮುಂಗಡ ನೋಂದಣಿಯನ್ನೂ ವಿಧಿಸಿ ಮತ್ತೆ ತೆರೆಯಿತು. ಅಂಜನಾದ್ರಿಗೆ ಈ ಕ್ರಮ ಹಾಗೆಯೇ ಒಪ್ಪುವುದಿಲ್ಲ. ಮಾಲೆ ಧರಿಸಿ ಬಂದ ಭಕ್ತನನ್ನು, ಇಂದಿನ ಸಂಖ್ಯೆ ತುಂಬಿತು, ಹಿಂದಿರುಗು ಎಂದು ಹೇಳುವ ಅಧಿಕಾರಿ ಯಾರು? ಆದರೆ ಹೊತ್ತನ್ನು ಹಂಚಬಹುದು. ತಿರುಮಲೆಯಲ್ಲಿ ದರ್ಶನಕ್ಕೆ ಹೊತ್ತು ಗೊತ್ತುಮಾಡಿದ ಚೀಟಿಯನ್ನು ಕೊಡುವ ಪದ್ಧತಿಗೆ ಯಾತ್ರಿಕರು ಒಗ್ಗಿಕೊಂಡಿದ್ದಾರೆ. ಸಾಲು ಬೆಟ್ಟದ ಬುಡದಲ್ಲಿ, ನೆರಳಿನಲ್ಲಿ, ನೀರಿನ ಬಳಿ ಇರಲಿ. ಮೆಟ್ಟಿಲ ಮೇಲೆ ಬೇಡ.

ಇದೇ ದೃಷ್ಟಿಯಿಂದ ನೋಡಿದರೆ ಕೆಲವು ವರ್ಷಗಳಿಂದ ಕೇಳಿಬಂದಿರುವ ರೋಪ್‌ವೇಯ ಪ್ರಸ್ತಾಪ ವಿಚಾರಾರ್ಹವಾದುದು. 2022-23ರ ರಾಜ್ಯ ಮುಂಗಡಪತ್ರವು ಅಂಜನಾದ್ರಿಯ ಅಭಿವೃದ್ಧಿಗೆ 100 ಕೋಟಿ ರೂಪಾಯಿಗಳನ್ನು ಘೋಷಿಸಿತ್ತು. ವೃದ್ಧರಿಗೂ ಅಂಗವಿಕಲರಿಗೂ ರೋಪ್‌ವೇ ಉಪಕಾರಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಬರುವವರ ವೇಗವನ್ನು ಹೆಚ್ಚಿಸುವುದಲ್ಲದೆ ತುದಿಯ ಬಂಡೆಯನ್ನು ಒಂದು ಗೇಣೂ ಅಗಲಮಾಡದು. ತಂಗುವ ಕಾಲಕ್ಕೆ ಕಟ್ಟುಪಾಡಿಲ್ಲದೆ ಅದನ್ನು ಕಟ್ಟಿದರೆ, ಬುಡದ ನೂಕುನುಗ್ಗಲನ್ನು ತುದಿಗೆ ಸಾಗಿಸಿದಂತಾಗುವುದು.

ಕಸದ ವಿಚಾರವು ಇದಕ್ಕಿಂತ ಕಠಿನ. ನೀರಿನ ಬಾಟಲಿ, ತಿಂಡಿಯ ಪೊಟ್ಟಣ, ಕಾಯಿ ಕರ್ಪೂರ ತಂದ ಚೀಲ ಇವೆಲ್ಲ ಮೇಲೇರುವಾಗ ನೂರಾರು ಕೈಗಳಲ್ಲಿ ಹಂಚಿಹೋಗಿರುವುದರಿಂದ ಯಾರಿಗೂ ಭಾರವೆನಿಸುವುದಿಲ್ಲ. ಬರಿದಾದ ಮೇಲೆ ಅವುಗಳಿಗೆ ಒಡೆಯರಿಲ್ಲ. ಇಳಿಸಬೇಕಾದವರು ನಾಲ್ಕಾರು ಮಂದಿ ಕೂಲಿಯವರು, ಮೂಟೆ ಕಟ್ಟಿ, ಅದೇ 575 ಮೆಟ್ಟಿಲುಗಳ ಮೇಲೆ. ನೆಲದ ಗುಣವೂ ಇದಕ್ಕೆ ಪ್ರತಿಕೂಲ. ಇದು ಕಣಶಿಲೆಯ ಬೆಟ್ಟ, ಹೂಳಲು ಮಣ್ಣಿಲ್ಲ. ಗುಂಡುಗಳ ಸಂದಿಗೆ ಬಿದ್ದ ಬಾಟಲಿಯನ್ನು ಕೋಲು ಹಾಕಿ ತೆಗೆಯುವುದೂ ಕಷ್ಟ. ಎವರೆಸ್ಟಿನಲ್ಲಿ ಚಳಿಯಿಂದಾಗಿ ಕೊಳೆಯದ ವಸ್ತು ಇಲ್ಲಿ ಮಣ್ಣೂ ತೇವವೂ ಇಲ್ಲದ್ದರಿಂದ ಕೊಳೆಯದು. ಪ್ಲಾಸ್ಟಿಕ್ಕಂತೂ ಎಲ್ಲಿಯೂ ಕೊಳೆಯತಕ್ಕದ್ದಲ್ಲ. ಮಳೆ ಬಂದಾಗ ಹಗುರವಾದುದು ಕೊಚ್ಚಿಕೊಂಡು ಕೆಳಗಿನ ಗದ್ದೆ ಕಾಲುವೆಗಳಿಗೆ ಇಳಿಯುತ್ತದೆ. ಎಂಜಲಿಗೆ ಒಗ್ಗಿದ ಕೋತಿಗಳು ಕೈಚೀಲಕ್ಕೇ ಬಾಯಿ ಹಾಕುವುದನ್ನು ಹತ್ತಿದವರೆಲ್ಲರೂ ಬಲ್ಲರು. ಹನುಮಂತನ ಬೆಟ್ಟದಲ್ಲಿ ಅವುಗಳನ್ನು ದೂರುವುದು ಶೋಭಿಸದು, ದೂರತಕ್ಕುದು ಚೀಲವನ್ನೇ.

ಕರ್ನಾಟಕವು 2016ರಲ್ಲಿಯೂ ಕೇಂದ್ರ ಸರ್ಕಾರವು 2022ರಲ್ಲಿಯೂ ಹಲವು ಬಗೆಯ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದವು. ನೀರಿನ ಬಾಟಲಿ ಮಾತ್ರ 2022ರ ಆ ಪಟ್ಟಿಯಲ್ಲಿ ಸೇರಲಿಲ್ಲ. ಆದುದರಿಂದ ಠೇವಣಿಯ ಪದ್ಧತಿಯನ್ನು ಇಲ್ಲಿ ವಿಚಾರಿಸಬೇಕು. ನೇಪಾಳವು 2014ರಿಂದ ಎವರೆಸ್ಟ್ ಆರೋಹಿಗಳಿಂದ 4000 ಡಾಲರುಗಳನ್ನು ಇಡಿಸಿಕೊಂಡು, ತಲೆಗೆ 8 ಕಿಲೋಗ್ರಾಂ ಕಸವನ್ನು ತಂದೊಪ್ಪಿಸಿದವರಿಗೆ ಹಿಂದಿರುಗಿಸುವ ನಿಯಮ ಮಾಡಿತು. ಹಣವನ್ನು ಹೆಚ್ಚಿನವರು ಹಿಂಪಡೆದರು. ಮೇಲಿನ ಶಿಬಿರಗಳ ಕಸ ಮಾತ್ರ ಅಲ್ಲಿಯೇ ಉಳಿಯಿತು. ಕೆಳಗಿನ ಶಿಬಿರಗಳ ಕಸವನ್ನು ತಂದರೂ ತೂಕ ಸರಿಹೋಗುತ್ತಿದ್ದುದೇ ಇದಕ್ಕೆ ಕಾರಣ. ತಕ್ಕಡಿಗೆ ಕಸದ ತೂಕ ತಿಳಿಯುವುದೇ ಹೊರತು ಅದರ ಊರು ತಿಳಿಯದು. 2022ರಲ್ಲಿ ಕೇದಾರನಾಥದ ಯಾತ್ರಾಮಾರ್ಗದಲ್ಲಿ ತೂಕವನ್ನು ಬಿಟ್ಟು ವಸ್ತುವನ್ನೇ ಗುರುತಿಸುವ ಕ್ರಮ ಬಂದಿತು: ಪ್ರತಿ ಬಾಟಲಿಗೂ ಒಂದು ಸಂಕೇತಚೀಟಿ ಅಂಟಿಸಿ, 10 ರೂಪಾಯಿ ಹೆಚ್ಚು ಪಡೆದು, ಬಾಟಲಿ ಮರಳಿದಾಗ ಅದನ್ನು ಕೊಡುವುದು. ನೀಲಗಿರಿಯಲ್ಲಿ ಮದ್ಯದ ಬಾಟಲಿಗಳಿಗೂ ಅದೇ ವರ್ಷ ಅಷ್ಟೇ ಹಣದ ಏರ್ಪಾಡು ಮಾಡಲಾಯಿತು. ಕೊಂಡವನು ಎಸೆದರೂ ಹತ್ತು ರೂಪಾಯಿಗಾಗಿ ಅದನ್ನು ಹೆಕ್ಕುವ ಮತ್ತೊಬ್ಬನಿರುವನೆಂಬುದೇ ಇದರ ಬಲ. ಅಂಜನಾದ್ರಿಗೆ ಏರುವ ಮೆಟ್ಟಿಲ ದಾರಿ ಒಂದೇ ಆಗಿರುವುದರಿಂದ, ಬುಡದ ಅಂಗಡಿಗಳಲ್ಲಿ ಇದನ್ನು ನಡೆಸುವುದು ಕೇದಾರದ ದೀರ್ಘಮಾರ್ಗಕ್ಕಿಂತ ಎಷ್ಟೋ ಸುಲಭ.

ಗಂಗಾವತಿಯ ಸಮೀಪದಲ್ಲಿಯೇ ಹಿರೇಬೆಣಕಲ್ಲಿನ ಮೊರೇರ ಗುಡ್ಡವಿದೆ. ಬೃಹತ್ ಶಿಲಾಯುಗದ ನೂರಾರು ಕಲ್ಮನೆಗಳಿರುವ ಆ ನೆಲೆಯು 2021ರಲ್ಲಿ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಅಲ್ಲಿಗೆ ಮೆಟ್ಟಿಲುಗಳಿಲ್ಲ, ಕಲ್ಲುಹಾದಿಯಲ್ಲಿ ನಡೆದು ಹತ್ತಬೇಕು, ಹೋಗುವವರೂ ವಿರಳ. ಬಂಡೆ ಅದೇ, ಸಂದಿಗಳೂ ಅವೇ. ಪಟ್ಟಿಯ ಹೆಸರು ಹರಡಿ ಜನ ಬರತೊಡಗುವ ಮುನ್ನ, ಆ ಹಾದಿಯ ಬುಡದಲ್ಲಿ ಎಣಿಕೆಯ ಪುಸ್ತಕವನ್ನೂ ಠೇವಣಿಯ ಕಟ್ಟೆಯನ್ನೂ ಇಡಲು ಈಗ ಅವಕಾಶವಿದೆ. ಎಣಿಸುವ ಕೆಲಸವನ್ನು ಸುತ್ತಲಿನ ಕಾಲೇಜುಗಳ ಭೂಗೋಳ, ಇತಿಹಾಸ ವಿದ್ಯಾರ್ಥಿಗಳು ವಹಿಸಿಕೊಳ್ಳಬಹುದು.