ಥಾಣೆಯ ಸೆಕೆಗೆ ಉಣ್ಣೆ, ರೇಷ್ಮೆ!

ಮಳೆ ಬಿಡುವು ಕೊಟ್ಟ ಜುಲೈ ಮಧ್ಯಾಹ್ನ, ಥಾಣೆಯ ಆ ಜಿಗುಟು ಸೆಕೆಯಲ್ಲಿ, ಉಣ್ಣೆಯ ಬಟ್ಟೆಯನ್ನು ಬರಿಮೈಗೆ ಸೋಕಿಸಿ ನೋಡಿ! ಬರೀ ಉಣ್ಣೆಯಲ್ಲ, ರೇಷ್ಮೆ ಬೆರೆಸಿ ತೆಳುವಾಗಿ ನೇಯ್ದದ್ದು. ಚುಚ್ಚುವುದಿಲ್ಲ, ಅಂಟುವುದಿಲ್ಲ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಸುಕ್ಕು ಮೆಲ್ಲಗೆ ತಾನೇ ಬಿಡುತ್ತದೆ.

ಗುಟ್ಟು ಇಲ್ಲಿದೆ: ಎರಡೂ ಪ್ರೊಟೀನ್! ಕುರಿಯ ಮೈಮೇಲೆ ಬೆಳೆದದ್ದು ಕೆರಾಟಿನ್, ಹುಳು ಬಾಯಿಂದ ಎಳೆದದ್ದು ಫೈಬ್ರೊಯಿನ್. ಒಂದೇ ಬಣ್ಣದ ತೊಟ್ಟಿಗೆ ಇಳಿಸಿದರೂ ಎರಡೂ ಬಣ್ಣ ಹಿಡಿಯುತ್ತವೆ. ಇನ್ನು ನೀರಿನ ಲೆಕ್ಕ ಕೇಳಿ. ಪ್ರಯೋಗಾಲಯದ ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ಉಣ್ಣೆ ಸುಮಾರು 16 ಗ್ರಾಂ ತೇವ ಹೀರಿಕೊಂಡಿರುತ್ತದೆ, ರೇಷ್ಮೆ 11 ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ಉಣ್ಣೆ, ರೇಷ್ಮೆ ಅಷ್ಟು ಕುಡಿದೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ!

ಎಳೆಯ ದಪ್ಪವೇ ಸುಖದ ಇನ್ನರ್ಧ. ಸುಮಾರು 30 ಮೈಕ್ರಾನ್ ದಾಟಿದ ಎಳೆಯ ತುದಿ ಬಾಗದೆ ಚರ್ಮವನ್ನು ಒತ್ತುತ್ತದೆ. ನಮ್ಮ ದಖ್ಖನಿ ಕುರಿಯ ಕಂಬಳಿ ಚುಚ್ಚುವುದು ಅದಕ್ಕೇ. ನಯವಾದ ಮೆರಿನೊ 20ರ ಆಸುಪಾಸು, ರೇಷ್ಮೆ ಇನ್ನೂ ಸಣ್ಣ. ಉಣ್ಣೆಯ ಗುಂಗುರಿನಲ್ಲಿ ಗಾಳಿ ನಿಲ್ಲುತ್ತದೆ, ರೇಷ್ಮೆಯಿಂದ ನುಣುಪು ಮತ್ತು ಹೊಳಪು.

ಮಡಿಗೆಂದು ಅಜ್ಜಿ ಎತ್ತಿಡುತ್ತಿದ್ದುದು ಏನು? ರೇಷ್ಮೆಯ ಮುಗುಟ, ಉಣ್ಣೆಯ ಧಾಬಳಿ! ಅದೇ ಎರಡು!

ಥಾಣೆಗೆ ಈ ನಂಟು ಹಳೆಯದು. 1925ರಲ್ಲಿ ಇಲ್ಲಿ ಹುಟ್ಟಿದ ಉಣ್ಣೆ ಗಿರಣಿಯೇ ರೇಮಂಡ್. 1944ರಲ್ಲಿ ಸಿಂಘಾನಿಯಾ ಮನೆತನದ ಕೈಗೆ ಬಂತು. ಗಿರಣಿ ಮುಚ್ಚಿದೆ, ಆ ನೆಲದಲ್ಲೀಗ ಎತ್ತರದ ವಸತಿ ಕಟ್ಟಡಗಳು. ಆದರೆ ಉಣ್ಣೆ ಸಂಶೋಧನಾ ಸಂಘ ಕೋಲಶೇತ್ ರಸ್ತೆಯಲ್ಲಿದೆ. ಇತ್ತ ನಮ್ಮ ಚನ್ನಪಟ್ಟಣದ ರೇಷ್ಮೆ ಗಿರಣಿ ಬಿಚ್ಚಲಾಗದ ಗೂಡು, ಉಳಿಕೆ ರೇಷ್ಮೆಗಳಿಂದ ನೂಲು ತೆಗೆಯುತ್ತಿತ್ತು. ಉಣ್ಣೆಯೊಡನೆ ಬೆರೆಸಿ ನೂಲಲು ಒದಗುವುದು ಹೀಗೆ ತುಂಡಾದ ರೇಷ್ಮೆಯೇ.

ಡೊಂಬಿವಲಿ, ಕಲ್ಯಾಣದಿಂದ ಲೋಕಲ್‌ನಲ್ಲಿ ನುಗ್ಗಿ ಬಂದು, ಥಾಣೆಯಲ್ಲಿ ಟ್ರಾನ್ಸ್ ಹಾರ್ಬರ್ ಹಿಡಿದು, ಐರೋಲಿಯ ಎ.ಸಿ. ಕಚೇರಿಯಲ್ಲಿ ಕೂರುವವರನ್ನು ನೆನೆಯಿರಿ. ಬೆವರಲ್ಲಿ ನೆನೆದ ಪಾಲಿಯೆಸ್ಟರ್ ಅಂಗಿ ಬೆನ್ನಿಗೆ ತಣ್ಣಗೆ ಅಂಟಿ ನಡುಕ ಹುಟ್ಟಿಸುತ್ತದೆ. ಉಣ್ಣೆ, ರೇಷ್ಮೆಯ ನೂಲು ಬೆವರನ್ನು ಆವಿಯಾಗಿರುವಾಗಲೇ ಒಳಗೆಳೆದು, ಒಣ ಹವೆಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಧಾರಾಕಾರ ಬೆವರಿಗೆ ಯಾವ ಬಟ್ಟೆಯೂ ಸಾಲದು, ನಿಜ. ಆದರೂ ನಮ್ಮ ಈ ಊರುಗಳಿಗೆ ಇದಕ್ಕಿಂತ ಒಪ್ಪುವ ಕಚೇರಿ ಉಡುಪು ನನಗೆ ಕಂಡಿಲ್ಲ.

ಈ ಬಟ್ಟೆಗೆ ಕ್ಷಾರದ ಸೋಪು, ವಾಷಿಂಗ್ ಸೋಡಾ ಮುಟ್ಟಿಸಬೇಡಿ, ನೆರಳಲ್ಲಿ ಒಣಗಿಸಿ. ಕೊಳ್ಳುವ ಮೊದಲು ಅಂಚಿನ ಒಂದೆಳೆ ಕೇಳಿ ಪಡೆದು ಸುಟ್ಟು ನೋಡಿ: ಅಸಲಿಯಾದರೆ ಸುಟ್ಟ ಕೂದಲಿನ ವಾಸನೆ ಬಂದು, ಬೆರಳಲ್ಲಿ ಪುಡಿಯಾಗುವ ಕಪ್ಪು ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಸೇರಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ.