ಘಟ್ಟದ ಕಷಾಯ, ತದಡಿಯ ಉಪ್ಪುನೀರು

ಅಘನಾಶಿನಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಶಿರಸಿ ಸೀಮೆಯಲ್ಲಿ ಹುಟ್ಟಿ, ಸಿದ್ದಾಪುರದ ಕಾಡಿನಲ್ಲಿ 116 ಮೀಟರ್ ಎತ್ತರದಿಂದ ಉಂಚಳ್ಳಿ ಜಲಪಾತವಾಗಿ ಧುಮುಕಿ, ಕುಮಟಾ ತಾಲ್ಲೂಕಿನ ತದಡಿಯ ಬಳಿ ಅರಬ್ಬಿ ಸಮುದ್ರ ಸೇರುವ ಈ ಹೊಳೆಯ ಉದ್ದ ಹೆಚ್ಚುಕಡಿಮೆ 120 ಕಿಲೋಮೀಟರ್. ಇದೇ ಕರಾವಳಿಯ ಶರಾವತಿ, ಕಾಳಿಗಳಲ್ಲಿ ಗೇಟು ತೆರೆದಾಗ ನೀರು ಏರುತ್ತದೆ. ಇಲ್ಲಿ ಘಟ್ಟದ ಮೇಲೆ ಮಳೆ ಜೋರಾದರೆ ಸಾಕು, ಅದರ ಪೂರ್ತಿ ಲೆಕ್ಕ ಅಳಿವೆಗೆ ಬಂದು ತಲುಪುತ್ತದೆ.

ಹಾಗಾಗಿ ಹವಾಮಾನ ಕರಾವಳಿಯ ನೀರನ್ನು ಹೇಗೆಲ್ಲ ಬದಲಿಸುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಕರಾವಳಿಯಲ್ಲಿ ಸಿಗುವುದು ಕಷ್ಟ.

ಮಳೆ ಹಿಡಿದ ಮೇಲೆ ದಿವಗಿ ಸೇತುವೆಯಿಂದ ಕಾಣುವುದು ಕೆಂಪು ನೀರು. ಕೆಂಪು ಮಣ್ಣಿನದು. ಆ ನೀರನ್ನು ಪ್ರಯೋಗಾಲಯದ ಗಾಜಿನೆಳೆಯ ಸೋಸುಕಾಗದದಲ್ಲಿ ಇಳಿಸಿದರೆ ಮಣ್ಣು ಮೇಲೆ ಉಳಿಯುತ್ತದೆ, ಕಾಗದದ ಸೂಕ್ಷ್ಮ ರಂಧ್ರಗಳಲ್ಲಿ ನುಸುಳಿದ್ದು ಕೆಳಗೆ ಸೇರುತ್ತದೆ. ಹೀಗೆ ಸೋಸಿದ ನೀರಿನಲ್ಲೂ ಉಳಿಯುವ ಎಲೆ, ತೊಗಟೆ, ಬೇರು, ಮಣ್ಣಿನ ಸಾರವೇ ಕರಗಿದ ಸಾವಯವ ವಸ್ತು. ಶಿರಸಿ, ಸಿದ್ದಾಪುರದ ಸೊಪ್ಪಿನಬೆಟ್ಟಗಳಲ್ಲಿ ಬೇಸಿಗೆಯಿಡೀ ಉದುರಿದ ದರಕು ನೆಲದ ಮೇಲೆ ಒಣಗಿ ಕೂತಿರುತ್ತದೆ. ಮೊದಲ ಜೋರು ಮಳೆ ಅದನ್ನು ಕಷಾಯದಂತೆ ಹಿಂಡಿ ಹೊಳೆಗೆ ಇಳಿಸುತ್ತದೆ. ಸಾಮಾನ್ಯವಾಗಿ ಹೆಚ್ಚು ಗಾಢವಾಗಿರುವುದು ಈ ಮೊದಲ ಕಂತು. ಜುಲೈಯ ಮಹಾಪೂರದಲ್ಲಿ ನೀರು ಎಷ್ಟೋ ಪಟ್ಟು ಹೆಚ್ಚಿದ್ದರೂ ಸಾರ ತೆಳುವಾಗಿರುತ್ತದೆ. ಆದರೂ ಒಟ್ಟು ಸಾಗಣೆಯ ದೊಡ್ಡ ಪಾಲು ಮಳೆಗಾಲದ ಆ ಕೆಲವೇ ವಾರಗಳದ್ದು.

ಇದು ಸಣ್ಣ ಸಂಗತಿಯಲ್ಲ. ಜಗತ್ತಿನ ಸಾಗರಗಳಲ್ಲಿ ಹೀಗೆ ಕರಗಿರುವ ಸಾವಯವ ಇಂಗಾಲ ಸುಮಾರು 66,000 ಕೋಟಿ ಟನ್. ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ರೂಪದಲ್ಲಿರುವ ಇಂಗಾಲಕ್ಕೆ ಹೋಲಿಸಬಹುದಾದಷ್ಟು ದೊಡ್ಡ ಮೊತ್ತ ಇದು.

ಮಿರ್ಜಾನಿನಿಂದ ಕೆಳಗೆ ಸಿಹಿನೀರು ಉಪ್ಪುನೀರನ್ನು ಕೂಡುವಲ್ಲಿ ಬೇರೆಯೇ ಆಟ. ಕುಮಟಾ ಸುತ್ತಿನ ಜಂಬಿಟ್ಟಿಗೆ ನೆಲದಲ್ಲಿ ಕಬ್ಬಿಣ ಹೇರಳ. ಕಾಡಿನ ಸಾರ ಆ ಕಬ್ಬಿಣವನ್ನು ಹಿಡಿದುಕೊಂಡು ಬರುತ್ತದೆ. ಉಪ್ಪು ತಾಗಿದೊಡನೆ ಆ ಸಾರದ ಒಂದು ಪಾಲು ಗಟ್ಟಿಕಟ್ಟಿ ತಳಕ್ಕೆ ಕೂರುತ್ತದೆ. ಉಳಿದದ್ದನ್ನು ಬ್ಯಾಕ್ಟೀರಿಯಾಗಳು ತಿನ್ನುತ್ತವೆ, ಅವನ್ನು ಅವಕ್ಕಿಂತ ದೊಡ್ಡ ಸೂಕ್ಷ್ಮಜೀವಿಗಳು ತಿನ್ನುತ್ತವೆ. ಅಳಿವೆಯ ಮೀನು, ಸಿಗಡಿ, ಬಳಚುಗಳ ಅನ್ನದ ಒಂದು ತುತ್ತು ಹೀಗೆ ಘಟ್ಟದ ಎಲೆಯಿಂದ ಬರುತ್ತದೆ. ಇಳಿತದ ಹೊತ್ತಿಗೆ ಕೆಸರಿನಲ್ಲಿ ಬಳಚು ಹೆಕ್ಕುವ ಹೆಂಗಸರ ಬುಟ್ಟಿಗೂ ಶಿರಸಿಯ ಕಾಡಿಗೂ ಇರುವ ಈ ನಂಟು ಕಣ್ಣಿಗೆ ಕಾಣುವಂಥದ್ದಲ್ಲ. ಕಾಣುವುದಿಲ್ಲವೆಂದೇ ಯೋಜನೆಗಳ ಕಾಗದಗಳಲ್ಲಿ ಅದಕ್ಕೆ ಜಾಗ ಸಿಗುವುದು ಅಪರೂಪ.

ಮಳೆ ನಿಂತ ಮೇಲೆ ಅಳಿವೆ ಕಡಲಿನ ಕೈಗೆ ಹೋಗುತ್ತದೆ. ಘಟ್ಟದ ಸಾರ ಕಡಿಮೆಯಾದಂತೆ ಊರಿನದೇ ಸಾರ ಮೇಲುಗೈ ಪಡೆಯುತ್ತದೆ. ಪ್ರತಿ ಭರತ ಕಾಂಡ್ಲಾ ಕಾಡಿನೊಳಗೆ ನುಗ್ಗಿ, ಇಳಿಯುವಾಗ ಅಲ್ಲಿನ ಎಲೆಕೊಳೆಯ ರಸವನ್ನು ಎಳೆದು ತರುತ್ತದೆ. ಮಾಣಿಕಟ್ಟಾದಂಥ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತದ ಕೊಯ್ಲಾದ ಮೇಲೆ ಉಳಿದ ಕೂಳೆ ನೀರಲ್ಲೇ ಕೊಳೆತು ಸಿಗಡಿಗೆ ಮೇವಾಗುತ್ತದೆ. ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುವ, ಗೊಬ್ಬರ ಬೇಡದ ಕಗ್ಗವನ್ನು ಉಳಿಸಿಕೊಂಡ ರೈತರು ಅಳಿವೆಯ ಮೇವನ್ನೂ ಉಳಿಸಿದ್ದಾರೆ.

ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲಿನ ಸರದಿ. ಸೂರ್ಯನ ನೇರಳಾತೀತ ಕಿರಣಗಳು ಸಾರದ ಬಣ್ಣದ ಅಣುಗಳನ್ನು ಒಡೆಯುತ್ತವೆ. ಬಣ್ಣ ಕಳೆದಂತೆ ನೀರು ತಿಳಿಯಾಗಿ ಬೆಳಕು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪು ಬೆಳೆಯುವುದೂ ಇದೇ ಬಿಸಿಲಿಗೆ.

ಈ ಕ್ರಮ ಈಗೀಗ ತಪ್ಪುತ್ತಿದೆ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಕರಾವಳಿಗೆ ಮುಂಗಾರಿಗೆ ಮೊದಲೇ ಮಳೆ ಸುರಿಸಿತು. ಮುಂಗಾರು ಕೇರಳ ಮುಟ್ಟಿದ್ದು 2023ರಲ್ಲಿ ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೆ. ಮೊದಲ ಕಂತು ಹದಿನೈದು ದಿನ ಹಿಂದೆಮುಂದೆ ಆದರೆ, ಮರಿಮೀನು, ಸಿಗಡಿಗಳ ಕಾಲಕ್ಕೆ ಮೇವು ಹೊಂದಿಕೊಳ್ಳುವುದು ಹೇಗೆ? ಅತಿವೃಷ್ಟಿಯ ಕಷ್ಟ ಇನ್ನೊಂದು ಬಗೆಯದು. ಹಗುರವಾದ ಸಿಹಿನೀರು ಕಡಲ ಮೇಲೆ ಹಾಸಿಕೊಂಡು, ಗಾಳಿಯ ಆಮ್ಲಜನಕ ಕೆಳಗಿಳಿಯದಂತೆ ತಡೆಯುತ್ತದೆ. ಆಗಲೇ ಆಳದಿಂದ ಆಮ್ಲಜನಕ ಕಡಿಮೆಯಿರುವ ನೀರು ದಡದತ್ತ ಏರಿರುತ್ತದೆ. ಅದರಲ್ಲಿ ಸಾವಯವ ವಸ್ತು ಕೊಳೆಯತೊಡಗಿದರೆ ಇದ್ದಬದ್ದ ಉಸಿರೂ ಮುಗಿಯುತ್ತದೆ. ಭಾರತದ ಪಶ್ಚಿಮ ಕರಾವಳಿಯ ಈ ಉಸಿರುಗಟ್ಟುವಿಕೆ ತೀವ್ರವಾಗುತ್ತಿದೆ ಎಂದು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಸಂಶೋಧಕರು 2000ದಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು.

2024ರ ಜನವರಿ ಕೊನೆಯಲ್ಲಿ 4,801 ಹೆಕ್ಟೇರಿನ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿ ಸೇರಿತು. ರಾಜ್ಯದ ಮಾಗಡಿ ಕೆರೆ, ಅಂಕಸಮುದ್ರಗಳ ಜೊತೆ ಸಿಕ್ಕ ಮನ್ನಣೆ ಅದು. ಆದರೆ ಪಟ್ಟಿಯ ಗಡಿ ಅಳಿವೆಗೆ ಮಾತ್ರ. ಅದಕ್ಕೆ ಉಣಿಸುವ ಸೊಪ್ಪಿನಬೆಟ್ಟ, ಘಟ್ಟದ ಕಾಡು ಹೊರಗೇ ಉಳಿದಿವೆ. ಈ ಸಾರವನ್ನು ಅಳೆಯುವ ಕೆಲಸವೂ ಸುಲಭದ್ದಲ್ಲ. 2022ರ ನವೆಂಬರ್‌ನಲ್ಲಿ ಇಸ್ರೋ ಹಾರಿಸಿದ ಓಷನ್‌ಸ್ಯಾಟ್-3 ಉಪಗ್ರಹ ಕಡಲಿನ ಬಣ್ಣವನ್ನು ಬೆಳಕಿನ 13 ತರಂಗಪಟ್ಟಿಗಳಲ್ಲಿ ನೋಡಬಲ್ಲದು. ಆದರೆ ಸಾರ ತುಂಬಿ ಹರಿಯುವ ಜೂನ್, ಜುಲೈಯಲ್ಲೇ ಅದಕ್ಕೂ ತದಡಿಗೂ ನಡುವೆ ಮೋಡ ಕವಿದಿರುತ್ತದೆ. ಆ ತಿಂಗಳುಗಳ ಲೆಕ್ಕ ಸಿಗಬೇಕಾದರೆ ಯಾರಾದರೂ ಮಳೆಯಲ್ಲೇ ದೋಣಿ ಇಳಿಸಿ, ಮಿರ್ಜಾನಿನಿಂದ ಅಳಿವೆ ಬಾಯಿಯವರೆಗೆ ಬಾಟಲಿಗಳಲ್ಲಿ ನೀರು ತುಂಬಿ ತರಬೇಕು, ಅದೂ ವರ್ಷ ತಪ್ಪದೆ.